ಫೋಟೋಗೆ ಇಟ್ಟ ಕುಂಕುಮ

ನಿಶ್ಚಿತಾಳ ಅರ್ಜಿ ತಿರಸ್ಕೃತವಾಗಿ ಬಂದ ದಿನ ನನಗೆ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ.

ಕೋರ್ಟಿನ ಎದುರಿನ ಜಾಬ್ ಟೈಪಿಂಗ್ ಅಂಗಡಿಯಲ್ಲಿ ಬೆಳಗಿನಿಂದ ಊರವರ ತಕರಾರುಗಳನ್ನೆಲ್ಲ ಟೈಪು ಮಾಡಿ ನನ್ನ ಬೆರಳುಗಳು ಜೋಮು ಹಿಡಿದಿದ್ದವು. ನಜರ್‌ಬಾದಿನ ಮನೆಗೆ ಬಂದರೆ ನನ್ನ ವಾರಗಿತ್ತಿ ನಿಶ್ಚಿತಾ ನಡುಮನೆಯಲ್ಲಿ ಕೂತು ಅಳುತ್ತಿದ್ದಳು. ನನ್ನ ಮಗಳು ಶಿವಾನಿ ಅವಳ ಸೆರಗಿನ ತುದಿಯಿಂದಲೇ ಅವಳ ಕಣ್ಣೊರೆಸುತ್ತಿದ್ದಳು. ಎಂಟು ವರ್ಷದ ಹುಡುಗಿ. ಅಮ್ಮ ಬಂದಳೆಂದು ತಿರುಗಿಯೂ ನೋಡಲಿಲ್ಲ.

ಮೈದುನ ಗುರುಕಿರಣ್ ಸ್ವೀಡನ್ನಿನ ಕಾರ್ಖಾನೆಯೊಂದಕ್ಕೆ ಅಚ್ಚು ತಯಾರಿಸುವ ಕೆಲಸಕ್ಕೆ ಹೋಗಿ ಒಂದೂವರೆ ವರ್ಷವಾಗಿತ್ತು. ಹೆಂಡತಿ ಅಲ್ಲಿ ಜೊತೆಗಿರಬೇಕಾದರೆ ಆ ದೇಶದ ವಾಸದ ಪರವಾನಗಿ ಬೇಕು. ಅದನ್ನು ಕೊಡಲಾಗದು ಎಂದು ಕಾಗದ ಬಂದಿತ್ತು. ಇಂಗ್ಲಿಷಿನಲ್ಲಿದ್ದುದರಿಂದ ನಾನೇ ಓದಿ ಹೇಳಬೇಕಾಯಿತು. ಪಾಸ್‌ಪೋರ್ಟು ಸಿಂಧುವಲ್ಲ. ಫೋಟೋ ಇರುವ ಪುಟವನ್ನು ತಿದ್ದಿದಂತೆ ಕಾಣುತ್ತದೆ. ಹುಟ್ಟಿದ ತಾರೀಖು ಓದಲಾಗುತ್ತಿಲ್ಲ. ಮೂರು ವಾರದೊಳಗೆ ಮೇಲ್ಮನವಿ ಸಲ್ಲಿಸಬಹುದು.

"ತಿದ್ದಿರೋದಾ? ಅದು ಕುಂಕುಮ ಕಣಕ್ಕಾ!" ನಿಶ್ಚಿತಾ ಮೂಗು ಸೀಟುತ್ತ ಹೇಳಿದಳು. "ಆಯುಧಪೂಜೆ ದಿವಸ ಅತ್ತೆ ಇಟ್ಟಿದ್ದು."

"ಕಳಿಸೋವಾಗ ಒರೆಸಿ ಕಳಿಸಬಾರದಾಗಿತ್ತೇನೇ?"

"ಎಂಗೆ ಒರೆಸ್ಲಿ? ಗಂಡ ಗಟ್ಟಿಮುಟ್ಟಾಗಿರೋವಾಗ ನನ್ನ ಹಣೆ ಕುಂಕುಮ ನಾನೇ ಒರೆಸ್ಕೊಂಬುಡ್ಲಾ? ಫೋಟೋದಲ್ಲಾದ್ರೂ ಅಷ್ಟೇ ಅಲ್ವಾ?"

ಅಡುಗೆಮನೆಯಿಂದ ಅತ್ತೆ ಪ್ರೇಮಲೀಲಾ ಸೌಟು ಹಿಡಿದೇ ಹೊರಬಂದರು. "ನನ್ನ ತಲೆಗೆ ಕಟ್ಟಬೇಡ ಕಣಮ್ಮ. ರಟ್ಟಿನ ಮೇಲೆ ಒಂದು ಬೊಟ್ಟು ಇಟ್ಟೆ, ಬಿಚ್ಚಿ ಕೂಡ ನೋಡ್ಲಿಲ್ಲ. ಬದುಕಿರೋರ ಫೋಟೋಗೆ ಯಾರಾದ್ರೂ ಕುಂಕುಮ ಇಡ್ತಾರಾ? ಅದು ಸತ್ತೋರಿಗೆ ಇಡೋದು."

ಕೈಕಾಲು ತೊಳೆಯುವ ನೆಪದಲ್ಲಿ ನಾನು ಬಚ್ಚಲಿಗೆ ಹೋದೆ.

ಇಟ್ಟವಳು ನಾನು.

ಆವತ್ತು ಮಣೆಯ ಮೇಲೆ ನನ್ನ ಹಳೆಯ ಟೈಪ್‌ರೈಟರು, ನನ್ನ ಗಂಡ ಅಮರೇಶರ ಸ್ಪ್ಯಾನರುಗಳು, ಈಳಿಗೆಮಣೆ, ಕತ್ತರಿ ಎಲ್ಲ ಇದ್ದವು. ಅವುಗಳ ಮಧ್ಯೆ ನಿಶ್ಚಿತಾಳ ಪಾಸ್‌ಪೋರ್ಟು. "ಇನ್ನು ಮುಂದೆ ಇವಳಿಗೆ ಅನ್ನ ಹಾಕೋ ಆಯುಧ ಅದೇ ತಾನೇ, ಇಡು" ಎಂದಿದ್ದರು ಅಮರೇಶ್. ಎಲ್ಲರೂ ಸ್ಕೂಟರಿಗೆ ಬೂದುಗುಂಬಳ ಒಡೆಯಲು ಬೀದಿಗೆ ಹೋದಾಗ ನಾನೊಬ್ಬಳೇ ಒಳಗಿದ್ದೆ. ಪಾಸ್‌ಪೋರ್ಟು ಬಿಚ್ಚಿದೆ. ಅವಳು ನಗುತ್ತಿದ್ದಳು. ದೊಡ್ಡ ನಗುವೇನಲ್ಲ, ನಿದ್ದೆ ಚೆನ್ನಾಗಿ ಮಾಡಿದವರ ಮುಖದಲ್ಲಿರುತ್ತದಲ್ಲ, ಅಷ್ಟು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾನು ಊರಂಚಿನ ಮಂಡಕಳ್ಳಿಯಾಚೆಗೆ ಹೋದದ್ದು ನಂಜನಗೂಡಿಗೆ ಮಾತ್ರ. ಬೆರಳನ್ನು ಒದ್ದೆ ಅರಿಸಿನದಲ್ಲಿ ಅದ್ದಿ ಆ ಹಣೆಗೆ ಹಚ್ಚಿದೆ, ಮೇಲೆ ಕುಂಕುಮ ಇಟ್ಟೆ. ಸಾಯಲಿ ಎಂದುಕೊಳ್ಳಲಿಲ್ಲ. ಆ ನಗು ಒಂದಿಷ್ಟು ಮಾಸಲಿ ಎಂದುಕೊಂಡೆ. ಪುಟದ ಮೇಲಿನ ಪ್ಲಾಸ್ಟಿಕ್ಕಿನ ಅಂಚು ಮೊದಲೇ ಎದ್ದಿತ್ತು. ಅರಿಸಿನದ ನೀರು ಅದರಡಿಗೆ ಇಳಿದು, ಕೈಬರಹದ ಶಾಯಿ ಹರಡಿತು. ಮುಚ್ಚಿಟ್ಟುಬಿಟ್ಟೆ.

ಕಾಗದ ಬಂದ ದಿನದ ಸಂತೋಷ ರಾತ್ರಿ ಊಟದವರೆಗೂ ಉಳಿಯಲಿಲ್ಲ. ಶಿವಾನಿ ತನ್ನ ತಟ್ಟೆಯನ್ನು ಚಿಕ್ಕಮ್ಮನ ತಟ್ಟೆಗೆ ತಾಗಿಸಿ ಕೂತಳು. ಜಡೆ ಹಾಕುವವಳು ಚಿಕ್ಕಮ್ಮ, ಮಗ್ಗಿ ಒಪ್ಪಿಸುವುದು ಚಿಕ್ಕಮ್ಮನಿಗೆ, ಮಲಗುವುದು ಚಿಕ್ಕಮ್ಮನ ಪಕ್ಕ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಏಳೂವರೆಗೆ ಬರುವ ನನಗೆ ಸಿಗುವುದು ಅವಳ ಒಗೆಯುವ ಬಟ್ಟೆ. ನಿಶ್ಚಿತಾ ಹೋದರೆ ಒಂದು ಉರಿ, ಉಳಿದರೆ ಇನ್ನೊಂದು.

ಮೇಲ್ಮನವಿಗೆಂದು ಲಕ್ಷ್ಮೀಪುರಂನ ವಕೀಲ ನಂಜುಂಡಸ್ವಾಮಿಯವರ ಹತ್ತಿರ ಅವಳನ್ನು ಕರೆದುಕೊಂಡು ಹೋದವಳೂ ನಾನೇ. ಪರಿಚಯದವರು, ಅವರ ಕಾಗದಗಳೆಲ್ಲ ನನ್ನ ಕೈಲೇ ಟೈಪಾಗುವುದು. ಅವರು ಕಾಗದದ ಜೊತೆ ವಾಪಸು ಬಂದಿದ್ದ ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದು ನಕ್ಕರು.

"ಪೂಜೆ ಜೋರಾಗೇ ಮಾಡಿದ್ದೀರಿ ಕಣ್ರಮ್ಮ! ಗಂಟೆ ಒಂದು ಕಟ್ಟಿಲ್ಲ." ಆಮೇಲೆ ಗಂಭೀರವಾದರು. "ನೋಡಮ್ಮ, ಫೋಟೋ ಬದಲಾಯಿಸೋಕೆ ಹೋಗಿ ಕೆಡಿಸಿದ್ದಾರೆ ಅಂತ ಅವರ ಅನುಮಾನ. ಕುಂಕುಮ ಇಟ್ಟೋರು ಯಾರೋ ಅವರೇ ಅಫಿಡವಿಟ್ ಕೊಡಬೇಕು, ಯಾವತ್ತು, ಎಲ್ಲಿ, ಯಾಕೆ ಅಂತ. ಹೊಸ ಪಾಸ್‌ಪೋರ್ಟ್ ಮಾಡ್ಸೋಕೂ ಅದೇ ಕಾಗದ ಬೇಕು. ಅದಿಲ್ದೆ ಹೋದ್ರೆ ಕಳ್ಳಿ ಅನ್ನೋ ಹೆಸರು ಬಂದ್ಬುಡತ್ತೆ. ಆಮೇಲೆ ಅಲ್ಲಿಗಷ್ಟೇ ಅಲ್ಲ, ಯಾವ ದೇಶಕ್ಕೂ ಬಿಡಲ್ಲ."

ನಿಶ್ಚಿತಾ ಮನೆಗೆ ಬಂದು ಅತ್ತೆಯ ಕಾಲ ಬಳಿ ಕೂತಳು. "ಅತ್ತೆ, ನೀವೇ ಇಟ್ಟಿದ್ದು ಅಂತ ಒಂದು ರುಜು ಹಾಕ್ಬುಡಿ. ಮರೆತಿರಬೋದು ನೀವು."

"ಲಿಂಗ ಹಿಡಿಯೋ ಕೈ ಕಣಮ್ಮ ಇದು. ಮಾಡದೇ ಇರೋದಕ್ಕೆ ರುಜು ಹಾಕಲ್ಲ. ನೀನು ಬೇಜಾರು ಮಾಡ್ಕೊಂಡ್ರೂ ಸರಿ."

ಒಂದೊಂದೇ ದಿನ ಕಳೆಯಿತು. ಗಡುವಿಗೆ ಒಂಬತ್ತು ದಿನ ಉಳಿದಿತ್ತು. ನಿಶ್ಚಿತಾ ಊಟ ಬಿಟ್ಟಿದ್ದಳು. ನಾನು ಬಾಯಿ ಬಿಡಲಿಲ್ಲ.

ಭಾನುವಾರ ಶಿವಾನಿಯ ತಲೆಗೆ ಎಣ್ಣೆ ಹಚ್ಚುವ ಕೆಲಸ ಅಪರೂಪಕ್ಕೆ ನನ್ನ ಪಾಲಿಗೆ ಬಂತು. ಅವಳು ಕುತ್ತಿಗೆ ಬಗ್ಗಿಸಿಕೊಂಡೇ ಪಿಸುಗುಟ್ಟಿದಳು.

"ಅಮ್ಮ, ಕಿಟಕೀಲಿ ನಾನು ನೋಡ್ದೆ. ಪಾಸ್‌ಪೋರ್ಟ್ ಬಿಚ್ಚಿ ನೀನು ಕುಂಕುಮ ಇಟ್ಟಿದ್ದು."

ನನ್ನ ಕೈ ನಿಂತಿತು.

"ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ, ಆಣೆ."

ಎದೆ ತುಂಬಿ ಬಂತು. ಇಷ್ಟು ತಿಂಗಳು ಈ ಮಗು ನನಗಾಗಿ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ! ಎಣ್ಣೆ ಕೈಯಲ್ಲೇ ಅವಳನ್ನು ತಬ್ಬಿಕೊಂಡೆ. "ಅಮ್ಮನ್ನ ಎಲ್ಲಾರೂ ಬಯ್ತಾರೆ ಅಂತ ಸುಮ್ನಿದ್ಯಾ ಚಿನ್ನ?"

"ಊಹೂಂ. ಹೇಳಿದ್ರೆ ಚಿಕ್ಕಮ್ಮ ಹೊರಟೋಗ್ತಾರಲ್ಲ."

ಬಾಚಣಿಗೆ ಎತ್ತಿಕೊಂಡೆ. ಬೈತಲೆ ಮೂರು ಸಲ ಸೊಟ್ಟಗಾಯಿತು. ಹೋಗಲಿ, ಅವಳು ಹೋಗಲಿ, ಸ್ವೀಡನ್ನಿಗಲ್ಲದಿದ್ದರೆ ಅದಕ್ಕಿಂತ ದೂರಕ್ಕೆ ಹೋಗಲಿ ಎಂದುಕೊಂಡೆ.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಟೈಪ್‌ರೈಟರಿಗೆ ಕಾಗದ ಸುತ್ತಿ ಅಫಿಡವಿಟ್ಟಿಗೆ ನನ್ನದೇ ಹೆಸರು ಹೊಡೆದೆ. ಅಂಗಡಿಯ ಯಜಮಾನರಾದ ಕೃಷ್ಣಸ್ವಾಮಿ ಇಣುಕಿದರು.

"ಊಟ ಬಿಟ್ಟು ಯಾರ ಜಗಳ ಹೊಡೀತಿದ್ದೀರಿ?"

"ನಮ್ಮ ಮನೇದೇ ಸಾರ್."

"ಹಂಗಾದ್ರೆ ಕಾರ್ಬನ್ ಜಾಸ್ತಿ ಹಾಕ್ಕೊಳ್ಳಿ. ಮನೆ ಜಗಳ ಒಂದು ಕಾಪೀಲಿ ಮುಗಿಯಲ್ಲ."

ಪೂಜೆಯ ದಿನ, ಮಣೆ, ಅರಿಸಿನ, ಎದ್ದಿದ್ದ ಪ್ಲಾಸ್ಟಿಕ್ಕು ಎಲ್ಲವನ್ನೂ ಇದ್ದ ಹಾಗೆಯೇ ಕನ್ನಡದಲ್ಲಿ ಬರೆದೆ, ಇಂಗ್ಲಿಷಿಗೆ ವಕೀಲರು ಮಾಡಿಸುವವರಿದ್ದರು. ಇಂಥ ಕಾಗದಗಳಿಗೆ ವಕೀಲರು ಬರೆಸುವಂತೆ, ತಿಳಿಯದೆ ಆದದ್ದು ಎಂದು ಒಂದು ಸಾಲು ಸೇರಿಸಿದೆ. ನೋಟರಿಯ ಮುಂದೆ ರುಜು ಹಾಕಿ, ಸಂಜೆ ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದ ನಿಶ್ಚಿತಾಳ ಕೈಗೆ ಕೊಟ್ಟೆ. ಅವಳು ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದಿದಳು.

"ನೀವಾ ಅಕ್ಕಾ?"

"ಹೂಂ."

"ತಿಳೀದೇನಾ?"

"ಕಾಗದದಲ್ಲಿ ಹಂಗಿದೆಯಲ್ಲ."

"ಕಾಗದ ಬುಡಿ."

"ತಿಳಿದೇ ಇಟ್ಟೆ."

ಅವಳು ಒಣಗಿದ ಲಂಗವೊಂದನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಶಿವಾನಿಯ ಲಂಗ. "ನಾನೇನು ಮಾಡಿದ್ದೆ ನಿಮಗೆ?"

"ಏನೂ ಇಲ್ಲ ಕಣೇ. ಏನಾದ್ರೂ ಮಾಡಿದ್ರೆ ಜಗಳ ಆಡಿ ಮುಗಿಸ್ತಿದ್ದೆ."

"ಸತ್ತೋರಿಗಿಡೋ ಕುಂಕುಮ ಅಂತೆ ಅಕ್ಕಾ ಅದು. ಅದನ್ನೇ ಶುಭ ಅಂತ ನಾನು ಕಾಪಾಡ್ಕೊಂಡೆ." ಕಾಗದವನ್ನು ರವಿಕೆಯೊಳಗೆ ಸೇರಿಸಿಕೊಂಡಳು. "ಅತ್ತೆಗೆ ಹೇಳಲ್ಲ. ಆದ್ರೆ ಇನ್ಮೇಲೆ ನನ್ನ ಸಾಮಾನು ಮುಟ್ಟಬೇಡಿ."

ಗಡುವಿಗೆ ನಾಲ್ಕು ದಿನ ಇರುವಾಗ ಮೇಲ್ಮನವಿ ಹೋಯಿತು. ಹೊಸ ಪಾಸ್‌ಪೋರ್ಟು ಬಂದು, ಅದರ ಪ್ರತಿಯನ್ನೂ ಕಳಿಸಿದ ಮೇಲೆ ಜೂನ್‌ನಲ್ಲಿ ಉತ್ತರ ಬಂತು. ಮನವಿ ಮಾನ್ಯವಾಗಿತ್ತು. ಈ ಸಲ ಕಾಗದ ಓದಿಸಲು ಅವಳು ನನ್ನ ಬಳಿ ಬರಲಿಲ್ಲ, ವಕೀಲರ ಹತ್ತಿರವೇ ಹೋಗಿದ್ದಳು. ಹೊರಡುವ ದಿನ ನನ್ನ ಕಾಲಿಗೂ ನಮಸ್ಕಾರ ಮಾಡಿದಳು, ಮುಖ ನೋಡದೆ.

ಬೆಂಗಳೂರಿನ ಬಸ್ಸು ಹೋದ ಮೇಲೆ ಶಿವಾನಿ ಕೇಳಿದಳು. "ನೀನೇ ಹೇಳ್ಬುಟ್ಯಾ?"

"ಹೂಂ."

"ನಾನು ಹೇಳಿರ್ಲಿಲ್ಲ."

ಮನೆಯವರೆಗೂ ಅವಳು ನನ್ನ ಕೈ ಹಿಡಿಯಲಿಲ್ಲ. ಆ ರಾತ್ರಿ ನಾನು ನನ್ನ ಪಕ್ಕದಲ್ಲಿ ಅವಳ ಹಾಸಿಗೆ ಹಾಸಿ ಕಾದೆ. ಅವಳು ದಿಂಬು ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಅತ್ತೆಯ ಗೊರಕೆ ಬೀದಿಗೆ ಕೇಳಿಸುವಂಥದ್ದು. ಅದರ ಪಕ್ಕದಲ್ಲೂ ಅವಳಿಗೆ ನಿದ್ದೆ ಬರುತ್ತದೆ.