ಬಲಗಾಲಿನ ಹಿಮ್ಮಡಿ

"ಬೆಳಿಗ್ಗೆ ಹೋಟೆಲ್ ಹತ್ರ ಬರಬೇಡ ಅಪ್ಪ. ಊರು ನೋಡ್ಕೊಂಡು ಬಾ. ಸಂಜೆ ಸ್ಟೇಡಿಯಂನಲ್ಲಿ ಸಿಗೋಣ."

ಮಗಳು ಹಿಂದಿನ ರಾತ್ರಿ ಫೋನಿಗೆ ಇಷ್ಟು ಬರೆದು, ಜೊತೆಗೆ ಊರು ತೋರಿಸುವ ಬಸ್ಸಿನ ಟಿಕೆಟ್ಟನ್ನೂ ಕಳಿಸಿದ್ದಳು. ಹಾಗಾಗಿ, ಆ ಸಂಜೆ ಸೆಮಿಫೈನಲ್ ಆಡಬೇಕಾಗಿದ್ದ ಗೋಲ್‌ಕೀಪರಿನ ಅಪ್ಪ ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ ಎರಡೂ ಕೈಗಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದ. ಗಡಿಯಾರದ ಗೋಪುರ ಬಂದಾಗ ಎಲ್ಲರೂ ಅದರ ಕೆತ್ತನೆ ನೋಡಿದರು. ಇವನು ಗಂಟೆ ನೋಡಿದ. ಹತ್ತೂಕಾಲು. ಪಂದ್ಯಕ್ಕೆ ಇನ್ನೂ ಎಂಟು ತಾಸು ಇತ್ತು.

ಮೂವತ್ತು ವರ್ಷ ಲೇತ್ ಮೆಷಿನ್ನಿನ ಮುಂದೆ ನಿಂತವನು. ತಿರುಗುವ ಕಬ್ಬಿಣ ಕೂದಲೆಳೆಯಷ್ಟು ಓಲಾಡಿದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಕಾರ್ಖಾನೆಯಲ್ಲಿ ಅವನಿಗೆ 'ಕಾಮೆಂಟ್ರಿ' ಎಂದೇ ಹೆಸರು. ಟೂರ್ನಿ ಶುರುವಾದರೆ ಊಟದ ಬಿಡುವಿನಲ್ಲಿ ಅವನ ಬಾಯಿಗೆ ಬ್ರೇಕಿಲ್ಲ. ಮಗಳ ಮುಂದೆ ಮಾತ್ರ ಆ ಬಾಯಿ ಮುಚ್ಚಿ ಮೂರು ವರ್ಷವಾಗಿತ್ತು. ಅವಳು ನಾಲ್ಕು ಗೋಲು ತಿಂದು ಮನೆಗೆ ಬಂದ ದಿನ, ನೆಂಟರೆಲ್ಲ ಊಟಕ್ಕೆ ಕೂತಿರುವಾಗಲೇ, ಆ ನಾಲ್ಕನ್ನೂ ಒಂದೊಂದಾಗಿ ಬಿಡಿಸಿ ಹೇಳಿದ್ದ. ಅವಳು ತಟ್ಟೆ ಬಿಟ್ಟೆದ್ದು, "ಇನ್ಮೇಲೆ ನನ್ನ ಆಟದ ಮಾತು ನನ್ನ ಹತ್ರ ಎತ್ತಬೇಡ" ಎಂದಿದ್ದಳು. ಅವನು ಎತ್ತಲಿಲ್ಲ. ಊಟ ಆಯ್ತಾ, ನೆಗಡಿ ಹೋಯ್ತಾ, ಹೊಸ ಶೂ ಕಚ್ಚುತ್ತಾ ಎನ್ನುವುದರಲ್ಲೇ ಅಪ್ಪ ಮಗಳ ಮಾತು ಮುಗಿಯುತ್ತಿತ್ತು. ಅವಳಿಗೆ ಹೇಳದೆ ಉಳಿದದ್ದು ಮಾತ್ರ ಅವನೊಳಗೆ ಸುಮ್ಮನೆ ಕೂರುತ್ತಿರಲಿಲ್ಲ. ಸಿಕ್ಕಸಿಕ್ಕವರ ಮುಂದೆ ಹೊರಬೀಳುತ್ತಿತ್ತು.

ಪಕ್ಕದ ಸೀಟಿನಲ್ಲಿ ಬೂದು ಕೋಟಿನ ಗಂಡಸೊಬ್ಬ ಕಡಲೆಕಾಯಿ ಬಿಡಿಸುತ್ತಿದ್ದ.

"ಮ್ಯಾಚಿಗೆ ಬಂದಿರೋ ಹಾಗಿದೆ. ಈ ಸಲದ ಟೂರ್ನಿ ಹೇಗನ್ನಿಸ್ತು ಯಜಮಾನ್ರೇ?"

ಅಷ್ಟು ಕೇಳಿದ್ದೇ ಸಾಕಾಯಿತು.

"ಅರ್ಧ ತಂಡಗಳು ಬಂದಿರೋದು ಫೋಟೋ ತೆಗೆಸ್ಕೊಳ್ಳೋಕೆ ಸಾರ್! ಆ ನೀಲಿ ಜರ್ಸಿಯವರಿಗೆ ಚೆಂಡು ಸಿಕ್ಕಿದ್ರೆ ಹಿಂದಕ್ಕೇ ತಳ್ತಾರೆ. ಎದುರಿನ ಗೋಲು ಅಂದ್ರೆ ಜಗಳ ಆಡಿ ಬಿಟ್ಟುಬಂದ ಅತ್ತೆಮನೆ ಅನ್ನೋ ಹಾಗೆ."

ಕೋಟಿನವನು ಕಡಲೆಕಾಯಿ ಗಂಟಲಿಗೆ ಸಿಕ್ಕುವಷ್ಟು ನಕ್ಕ. "ಮತ್ತೆ ಇವತ್ತಿಂದು? ಹಸಿರಾ, ಹಳದಿನಾ?"

"ಗೋಲೇ ಆಗಲ್ಲ. ಪೆನಾಲ್ಟಿಗೆ ಹೋಗತ್ತೆ, ಬರೆದಿಟ್ಕೊಳ್ಳಿ."

"ಹಾಗಾದ್ರೆ ಹಳದಿಯವರಿಗೇ ಬಿಡಿ. ಆ ಕೀಪರ್ ಹುಡುಗಿ ಗೋಡೆ ಇದ್ದ ಹಾಗೆ."

ಅಪ್ಪನ ಎದೆ ಉಬ್ಬಿತು. 'ನನ್ನ ಮಗಳು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದ. ನುಂಗಿದ ಜಾಗದಿಂದ ಬೇರೆಯದೇ ಮಾತು ಎದ್ದು ಬಂತು.

"ಗೋಡೆನೇ. ಆದ್ರೆ ಒಂದು ಬಿರುಕಿದೆ. ಎಡಕ್ಕೆ ಹಾರೋ ಮುಂಚೆ ಅವಳ ಬಲಗಾಲಿನ ಹಿಮ್ಮಡಿ ಒಂದು ಕಾಳಿನಷ್ಟು ಮೇಲೇಳತ್ತೆ. ಒದೆಯೋರು ಅರೆಗಳಿಗೆ ಕಾದು ಅದನ್ನ ನೋಡಿದ್ರೆ ಮುಗೀತು. ಯಾರೂ ನೋಡಲ್ಲ ಅಷ್ಟೇ."

ಕೋಟಿನವನ ಕೈ ಕಡಲೆಕಾಯಿಯ ಮೇಲೇ ನಿಂತಿತು.

ವಸ್ತುಸಂಗ್ರಹಾಲಯದ ಮುಂದೆ ಬಸ್ಸು ನಿಂತಿತು. ಬಿಸಿಲಿಗೆ ಕೋಟು ಬಿಚ್ಚುತ್ತ ಪಕ್ಕದವನು ಎದ್ದ. ಒಳಗೆ ಹಸಿರು ಅಂಗಿಯಿತ್ತು. ಎದೆಯ ಮೇಲೆ ತಂಡದ ಲಾಂಛನ, ಅದರ ಕೆಳಗೆ 'ಫಿಸಿಯೋ' ಎಂಬ ಪದ.

ಅಪ್ಪ ತಟ್ಟನೆ ಎದ್ದು ನಿಂತ. "ಸಾರ್... ನಾನು ಸುಮ್ನೆ ಬಾಯಿಗೆ ಬಂದಿದ್ದು ಹೇಳಿದ್ದು. ಅವಳು ನನ್ನ ಮಗಳು."

ಫಿಸಿಯೋ ಕೋಟನ್ನು ಮಡಚಿ ತೋಳಿಗೆ ಹಾಕಿಕೊಂಡ. ಕೆಳಗಿನಿಂದ ಕಂಡಕ್ಟರ್ ಕೂಗಿದ.

"ನಾನು ಕೆದಕಿ ಕೇಳಿದ್ದಲ್ಲ ಯಜಮಾನ್ರೇ. ಆದ್ರೆ ಕೇಳಿಸ್ಕೊಂಡಿಲ್ಲ ಅಂತ ಹೇಳೋಕೂ ಆಗಲ್ಲ. ನನಗೆ ಅನ್ನ ಕೊಡೋ ತಂಡ ಅದು." ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ.

ಮಗಳ ಫೋನು ಆಫ್ ಆಗಿತ್ತು. ಪಂದ್ಯದ ದಿನ ಆಟಗಾರ್ತಿಯರ ಫೋನೆಲ್ಲ ಮ್ಯಾನೇಜರಿನ ಚೀಲ ಸೇರುತ್ತದೆಂದು ಅವನಿಗೆ ಗೊತ್ತಿದ್ದರೂ ಐದು ಸಲ ಒತ್ತಿದ. ಆಮೇಲೆ ಅವಳ ಹೋಟೆಲಿಗೆ ಹೋಗಲು ಟ್ಯಾಕ್ಸಿ ಹತ್ತಿದ. ಸೇತುವೆ, ಕಾರಂಜಿ, ಕುದುರೆ ಏರಿದ ಯಾವನೋ ದೊರೆಯ ಪ್ರತಿಮೆ ಕಿಟಕಿಯಲ್ಲಿ ಹಿಂದೆ ಸರಿದವು. ಹೇಳದೆ ಇದ್ದರೆ? ಆ ಮನುಷ್ಯ ಒಳ್ಳೆಯವನಂತೆ ಕಾಣುತ್ತಾನೆ, ಬಾಯಿ ಬಿಡದೆಯೂ ಇರಬಹುದು. ಪೆನಾಲ್ಟಿಯವರೆಗೆ ಹೋಗದೆಯೂ ಇರಬಹುದು. ಹೇಳಿದರೆ ಅವಳು ಆ ಹಿಮ್ಮಡಿಯನ್ನೇ ತಲೆಯಲ್ಲಿಟ್ಟುಕೊಂಡು ನಿಲ್ಲುತ್ತಾಳೆ. ಎರಡು ಸಲ ಚಾಲಕನಿಗೆ ತಿರುಗಿಸು ಎನ್ನಲು ಬಾಯಿ ತೆರೆದ. ಎರಡು ಸಲವೂ ಮುಚ್ಚಿದ.

ಹೋಟೆಲಿನ ಕಾವಲುಗಾರ ಬಿಡಲಿಲ್ಲ. ಗೋಗರೆದ ಮೇಲೆ ಒಳಗೆ ಹೇಳಿ ಕಳಿಸಿದ. ಮಗಳು ಒದ್ದೆ ಕೂದಲಲ್ಲೇ ಬಂದಳು. ಅಪ್ಪನ ಮುಖ ನೋಡಿದ್ದೇ ಅವಳ ಬಣ್ಣ ಇಳಿಯಿತು.

"ಅಮ್ಮನಿಗೇನಾದ್ರೂ...?"

"ಅಮ್ಮ ಚೆನ್ನಾಗಿದಾಳೆ. ನಾನೊಂದು ತಪ್ಪು ಮಾಡ್ಬಿಟ್ಟೆ."

ನಿಂತಲ್ಲೇ ಎಲ್ಲ ಹೇಳಿದ. ಬಸ್ಸು, ಕೋಟು, ಹಿಮ್ಮಡಿ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನಿನಗೆ ಯಾವಾಗಿಂದ ಗೊತ್ತು?"

"ಎರಡು ವರ್ಷ ಆಯ್ತು."

"ಕಾರ್ಖಾನೆಯವರಿಗೆ?"

"...ಗೊತ್ತು."

"ಕಾರ್ಖಾನೆಗೆಲ್ಲ ಗೊತ್ತು, ಬಸ್ಸಲ್ಲಿ ಸಿಕ್ಕಿದವನಿಗೂ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ."

"ನೀನೇ ಅವತ್ತು..." ಎಂದು ಶುರು ಮಾಡಿದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ಅವಳು ತನ್ನ ಕಾಲನ್ನು ಯಾರದೋ ಕಾಲೆಂಬಂತೆ ನೋಡುತ್ತಿದ್ದಳು. ಆಮೇಲೆ, "ಹಿಂದ್ಗಡೆ ಬಾ" ಎಂದಳು.

ಹಿಂದೆ ವಾಹನ ನಿಲ್ಲಿಸುವ ಜಾಗ. ಎರಡು ವ್ಯಾನುಗಳ ನಡುವೆ ಅವಳು ಕೈ ಅಗಲಿಸಿ ನಿಂತಳು. "ಓಡಿ ಬಂದು ಒದಿ. ನಾನು ಎಡಕ್ಕೆ ಹಾರೋಕೆ ಹೋಗ್ತೀನಿ."

"ಚೆಂಡು?"

"ಚೆಂಡು ಯಾಕೆ? ನೀನು ನೋಡಬೇಕಾಗಿರೋದು ಚೆಂಡಲ್ಲ."

ಐವತ್ತಾರು ವರ್ಷದ ಅಪ್ಪ ಓಡಿ ಬಂದು ಗಾಳಿಗೆ ಒದ್ದ. "ಎತ್ತಿದೆ" ಎಂದ. ಮತ್ತೆ ಓಡಿದ. "ಎತ್ತಿದೆ."

ವ್ಯಾನಿನೊಳಗಿದ್ದ ಡ್ರೈವರ್ ತಲೆ ಹೊರಹಾಕಿದ. "ಯಜಮಾನ್ರೇ, ಚೆಂಡು ಮನೇಲೇ ಬಿಟ್ಟು ಬಂದ್ರಾ?"

ಇಬ್ಬರೂ ನಗಲಿಲ್ಲ.

"ಹೀಗ್ಮಾಡ್ತೀನಿ," ಎಂದಳು ಮಗಳು. "ಬೇಕಂತಲೇ ಎತ್ತಿ ಇನ್ನೊಂದು ಕಡೆಗೆ ಹಾರ್ತೀನಿ."

ಹೂಂ ಎಂದುಬಿಟ್ಟರೆ ಅವಳು ಧೈರ್ಯವಾಗಿ ಒಳಗೆ ಹೋಗುತ್ತಾಳೆ ಅನ್ನಿಸಿತು. ಅವನಿಗೆ ಉಸಿರು ಸಾಲುತ್ತಿರಲಿಲ್ಲ. "ಆಗಲ್ಲ. ಒಂದು ದಿನದಲ್ಲಿ ಕಾಲು ಮಾತು ಕೇಳಲ್ಲ. ಇರೋದೂ ಕೆಡತ್ತೆ."

ಅವಳು ತಟ್ಟನೆ ತಲೆಯೆತ್ತಿದಳು. ಈಗ ಹೋಗಿಬಿಡುತ್ತಾಳೆ ಎಂದುಕೊಂಡ. ಅವಳು ಹೋಗಲಿಲ್ಲ. ಮೊಣಕಾಲು ಇನ್ನಷ್ಟು ಬಗ್ಗಿಸಿ ನಿಂತಳು.

ಒಂಬತ್ತನೆಯ ಸಲ ಹಿಮ್ಮಡಿ ಏಳಲಿಲ್ಲ. ಹತ್ತನೆಯ ಸಲವೂ ಏಳಲಿಲ್ಲ. ಹನ್ನೊಂದನೆಯದಕ್ಕೆ ಎದ್ದಿತು.

"ಇದು?"

"ಸ್ವಲ್ಪ ಎತ್ತಿದೆ."

"ಸ್ವಲ್ಪ ಅಂದ್ರೆ ಎಷ್ಟು? ಸರಿಯಾಗಿ ಹೇಳಪ್ಪ."

ಅವನು ಹೆಬ್ಬೆರಳು ತೋರುಬೆರಳುಗಳನ್ನು ಹತ್ತಿರ ತಂದು, ನಡುವಿನ ಸಂದಿಯನ್ನು ಅವಳ ಕಣ್ಣೆದುರು ಹಿಡಿದ. ಅವಳು ಬಗ್ಗಿ ಆ ಸಂದಿಯನ್ನು ನೋಡಿ, ಮತ್ತೆ ವ್ಯಾನುಗಳ ನಡುವೆ ಹೋಗಿ ನಿಂತಳು.

"ಓಡಿ ಬಾ."