ಮೂವತ್ತೆರಡನೇ ಚೌಕ

ಸಾದಿಕ್ ಮತ್ತು ನಾನು ಕಾಮಿಕ್ ಮಾಡುತ್ತೇವೆ. ಅವನದು ಚಿತ್ರ, ನನ್ನದು ಮಾತು. 2006ರ ಬೇಸಿಗೆಯಲ್ಲಿ ಚನ್ನಪಟ್ಟಣದಿಂದ ಅವನ ಸ್ಕೂಟರಿನಲ್ಲಿ ಹೊರಟೆವು. ದಾರಿಯಲ್ಲಿ ಕಂಡದ್ದನ್ನು ಚೌಕಗಳಲ್ಲಿ ಬಿಡಿಸಿ ಪುಸ್ತಕ ಮಾಡಬೇಕೆಂದಿದ್ದೆವು. ಹಿಂದುಮುಂದಾಗದಿರಲೆಂದು ಸಾದಿಕ್ ಪ್ರತಿ ಚೌಕಕ್ಕೂ ನಂಬರು ಹಾಕುತ್ತಿದ್ದ.

ಕೈಲಾಂಚದ ಆಚೆ ಹೊಸ ಕಾರ್ಖಾನೆಗಾಗಿ ರಸ್ತೆ ಅಗಲವಾಗುತ್ತಿತ್ತು. ಬದಿಯ ಮರಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಮೂವತ್ತೊಂದರವರೆಗೆ ನಂಬರುಗಳಿದ್ದವು. ನಂಬರು ಬಿದ್ದದ್ದು ಕಡಿಯುವ ಮರ. ಮುಂದಿನ ಹುಣಸೆಯ ಮೇಲೆ ಮಾತ್ರ ಏನೂ ಇರಲಿಲ್ಲ. ಅದರಡಿ ಬೈರಮ್ಮ ಎಂಬ ಮುದುಕಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಅವಳ ವರ್ಷದ ಊಟ ಆ ಮರದ್ದೇ.

ಸಾದಿಕ್ ಎರಡು ಗಂಟೆ ಕೂತು ಮರ ಬಿಡಿಸಿದ. ಅದು ಅವನ ಮೂವತ್ತೆರಡನೇ ಚೌಕ, ಎಂದಿನಂತೆ ಕೆಳಮೂಲೆಯಲ್ಲಿ 32 ಎಂದು ಬರೆದ. ಅದು ಸರಿಯಾಗಿ ಆ ಮೂಲೆಗೆ ಬಂದಿದ್ದ ಕಾಂಡದ ಮೇಲೆ ಬಿತ್ತು.

ಬೈರಮ್ಮನಿಗೆ ಓದು ಬಾರದು, ಆದರೆ ಬಸ್ಸಿನ ನಂಬರು ಗೊತ್ತಾಗುತ್ತಿತ್ತು. ಬಗ್ಗಿ ನೋಡಿದವಳೇ ಚಿತ್ರದ ಪುಸ್ತಕ ಕಿತ್ತುಕೊಂಡಳು.

"ಯಾರ್ಲಾ ನಿನ್ನ ಕಳ್ಸಿದ್ದು?"

"ಅಜ್ಜಿ, ಇದು ಮರದ್ದಲ್ಲ, ಚೌಕದ ನಂಬರು. ಬರೀ ನಂಬರು."

"ಮರಕ್ಕೆ ಬಣ್ಣ ಬಳ್ದೋರೂ ಹಂಗೇ ಅಂದ್ರು. ಬರೀ ನಂಬರು ಕಣಮ್ಮ ಅಂತ. ಅಳ್ಸು!"

"ಇಂಕು ಅಜ್ಜಿ, ಅಳ್ಸಕ್ಕಾಗಲ್ಲ."

"ಹಂಗಾರೆ ಹರಿ."

ಸಾದಿಕ್ ನನ್ನ ಮುಖ ನೋಡಿದ. "ಕೊಟ್ಬುಡು ಕಣ್ಲಾ," ಎಂದೆ. "ಕೂತಿದ್ದು ನೀನಲ್ವಲ್ಲ," ಎಂದು ಬೈದುಕೊಂಡೇ ಪುಸ್ತಕ ವಾಪಸ್ ತೆಗೆದುಕೊಂಡು ಹಾಳೆ ಹರಿದುಕೊಟ್ಟ. ಬೈರಮ್ಮ ಅದನ್ನು ಮರದಡಿ ಉರಿಯುತ್ತಿದ್ದ ತನ್ನ ಒಲೆಗೆ ತುರುಕಿ, ಪೂರ್ತಿ ಬೂದಿಯಾಗುವವರೆಗೂ ಕದಲಲಿಲ್ಲ.

ಅವಳ ಮರ ಏನಾಯಿತೆಂಬ ಕುತೂಹಲ ನಮ್ಮನ್ನು ಬಿಡಲಿಲ್ಲ. ಮಳೆಗಾಲ ಮುಗಿದ ಮೇಲೆ ಮತ್ತೆ ಹೋದೆವು. ಮೂವತ್ತೊಂದು ಬೊಡ್ಡೆಗಳಿದ್ದವು. ಹುಣಸೆ ನಿಂತಿತ್ತು. ಮುಂದಿನ ಹಳ್ಳದ ಸೇತುವೆಗಾಗಿ ರಸ್ತೆ ಅಲ್ಲೇ ತಿರುಗಿತ್ತು. ಮೊದಲಿಂದಲೂ ನಕ್ಷೆ ಹಾಗೇ ಇತ್ತೆಂದು ರೋಲರ್ ಓಡಿಸುವ ಗಂಗಯ್ಯ ಹೇಳಿದ.

"ಅವ್ನಿಗೇನ್ ಗೊತ್ತು," ಎಂದಳು ಬೈರಮ್ಮ. "ನಾನ್ ಸುಟ್ಟಿದ್ಕೆ ಉಳೀತು. ಕೂತ್ಕಳಿ, ಒಸಿ ಪಾನಕ ಕುಡ್ಕಂಡ್ ಹೋಗಿ."

ಸಾದಿಕ್ ಮತ್ತೆ ಬಿಡಿಸಿದ. ಈ ಸಲ ಮರ, ರಸ್ತೆ, ಕಾರ್ಖಾನೆಗೆ ಕಬ್ಬಿಣ ಹೊತ್ತು ನಿಂತಿದ್ದ ಲಾರಿ. ಕೊನೆಗೆ ಪೆನ್ನು ಎತ್ತಿ ಹಿಡಿದು ಕೇಳಿದ:

"ನಂಬರ್ ಎಲ್ಲಿ ಹಾಕ್ಲಿ ಅಜ್ಜಿ?"

ಬೈರಮ್ಮ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಹುಡುಕಿ ಒಂದು ಕಡೆ ಬೆರಳಿಟ್ಟಳು.

"ಈ ಲಾರಿ ಮ್ಯಾಕೆ ಹಾಕು."