ಅಟ್ರಾಕ್ಟಾ ಮನೆ ಕಡೆಯ ಕಂಡಿ

ಜನವರಿ ಮುಗಿಯುತ್ತ ಬಂದರೆ ನಮ್ಮ ಕ್ಯಾವನ್ ಸೀಮೆಯ ರೈತರಿಗೆಲ್ಲ ಒಂದೇ ಚಿಂತೆ, ಕೊಟ್ಟಿಗೆಯ ಕೆಳಗಿನ ಗುಂಡಿ. ಚಳಿಗಾಲವೆಲ್ಲ ದನಗಳು ಒಳಗೇ ಇರುತ್ತವೆ. ಅವುಗಳ ಸಗಣಿ, ಗಂಜಲ ಕಾಂಕ್ರೀಟ್ ಹಲಗೆಗಳ ಸಂದಿಯಿಂದ ಇಳಿದು ಗುಂಡಿ ತುಂಬುತ್ತದೆ. ಇದನ್ನೇ ನಾವು ಸ್ಲರಿ ಎನ್ನುತ್ತೇವೆ. ಹುಲ್ಲಿಗೆ ಇದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಆದರೆ ಜನವರಿ ಕಳೆಯುವವರೆಗೆ ಅದನ್ನು ಹೊಲಕ್ಕೆ ಹಾಕಲು ಕಾನೂನು ಬಿಡುವುದಿಲ್ಲ. ಅಷ್ಟರಲ್ಲಿ ಮೇಲೆ ದಪ್ಪ ಹೆಪ್ಪು ಕಟ್ಟಿ, ತಳದಲ್ಲಿ ರಾಡಿ ಕೂತಿರುತ್ತದೆ. ಯಂತ್ರ ಹಾಕಿ ಕಲಕದೆ ಏನೂ ಮೇಲೆ ಬರುವುದಿಲ್ಲ.

ಈ ಸಲ ನಮ್ಮ ಹಳೆಯ ಯಂತ್ರ ಕೈಕೊಟ್ಟಿತು. ನನ್ನ ಗಂಡ ಯೂಜೀನ್ ಹೊಸದನ್ನು ಹುಡುಕಲು ಹೊರಟ. ಎರಡು ವಾರ ಊಟಕ್ಕೆ ಕೂತರೂ ಅದೇ ಮಾತು, ಮಲಗಿದರೂ ಅದೇ ಮಾತು. ನನ್ನನ್ನು ಮದುವೆಯಾಗುವಾಗ ಈ ಮನುಷ್ಯ ಇಷ್ಟು ಯೋಚಿಸಿರಲಿಲ್ಲ ಎಂದು ನಾನೇ ಅವನಿಗೆ ಹೇಳಿದೆ.

ಕೊನೆಗೆ ಒಂದನ್ನು ಒಪ್ಪಿಕೊಂಡು ಬಂದ. ಕೊಟ್ಟಿಗೆಯ ಒಳಗೆ ಹಲಗೆ ಎತ್ತಿ ಅಲ್ಲಿಂದಲೇ ಗುಂಡಿಗೆ ಇಳಿಸುವ ಯಂತ್ರ ಅದು. ನನಗೆ ಆಶ್ಚರ್ಯವಾಯಿತು. ನಮ್ಮ ಗುಂಡಿಗೆ ಕೊಟ್ಟಿಗೆಯ ಹೊರಗೆ, ಹಿಂಗೋಡೆಯ ಆಚೆ ಒಂದು ಕಂಡಿ ಇದೆ. ಕಟ್ಟಿದವರೇ ಯಂತ್ರ ಇಳಿಸಲೆಂದು ಬಿಟ್ಟ ಬಾಯಿ. ಯೂಜೀನ್ ಅದರ ಮೇಲೆ ಚಪ್ಪಡಿ ಎಳೆದು, ಅದರ ಮೇಲೆ ಹಳೆಯ ಟಯರುಗಳನ್ನು ಪೇರಿಸಿಟ್ಟಿದ್ದ. ಯಾಕೆಂದರೆ ಆ ಕಂಡಿ ಇರುವುದು ನಮ್ಮ ನೆರೆಯವಳಾದ ಅಟ್ರಾಕ್ಟಾ ಮನೆಯ ಕಡೆಗೆ. ನಮ್ಮಲ್ಲಿ ಗಾಳಿ ಬೀಸುವುದೂ ಹೆಚ್ಚಾಗಿ ಅತ್ತಲೇ.

ನಮ್ಮ ಊರಿನ ರೀತಿ ಗೊತ್ತಿರುವವರಿಗೆ ಇದು ಹೊಸದಲ್ಲ. ಸ್ಲರಿ ಕಲಕುವ ಮುಂಚೆ ನೆರೆಯವರ ಬಟ್ಟೆ ಒಣಗುವ ಹಗ್ಗ ನೋಡಬೇಕು. ಊರಲ್ಲಿ ಸಾವಿದ್ದರೆ, ಮದುವೆಯಿದ್ದರೆ, ಯಾರದಾದರೂ ಮನೆಗೆ ಪಾದ್ರಿಗಳು ಬಂದು ಪೂಜೆ ಮಾಡುವ ಸರದಿಯಿದ್ದರೆ ಗಾಳಿ ನಿಲ್ಲುವವರೆಗೆ ಕಾಯಬೇಕು. ಗಾಳಿಯಲ್ಲಿ ಕಲಕಿ ಊರಿಗೆಲ್ಲ ನಾತ ಹಂಚುವವನನ್ನು ಮರ್ಯಾದಸ್ಥ ಎನ್ನುವುದಿಲ್ಲ. ನನ್ನ ಯೂಜೀನ್‌ಗೆ ಈ ಮರ್ಯಾದೆಯ ಹುಚ್ಚು ತುಸು ಹೆಚ್ಚೇ. ಗಾಳಿಯಿಲ್ಲದ ದಿನ, ಬಾಗಿಲು ಮುಚ್ಚಿಕೊಂಡು ಕಲಕಿದರೆ ಯಾರ ಮೂಗಿಗೂ ತೊಂದರೆಯಿಲ್ಲ ಎಂಬುದು ಅವನ ಲೆಕ್ಕ.

ಅವನು ಇದನ್ನೆಲ್ಲ ಹೇಳುತ್ತಿದ್ದಾಗ ಅಟ್ರಾಕ್ಟಾ ನಮ್ಮ ಅಡುಗೆಮನೆಯಲ್ಲೇ ಇದ್ದಳು. ಮೊಟ್ಟೆ ಕೊಡಲು ಬಂದವಳನ್ನು ಚಹಾ ಕುಡಿಯದೆ ಕಳಿಸುವ ಮನೆ ನಮ್ಮದಲ್ಲ. ಅವಳು ಒಂಟಿ ಹೆಂಗಸು. ತಮ್ಮ ಕಾರ್ಮಕ್ ಹೋದಮೇಲೆ ದನಗಳನ್ನು ತಾನೇ ನೋಡಿಕೊಂಡಳು, ತಾಯಿಯನ್ನೂ ನೋಡಿಕೊಂಡಳು. ತಾಯಿ ಕಳೆದ ಚಳಿಗಾಲದಲ್ಲಿ ತೀರಿಕೊಂಡರು.

ಅಟ್ರಾಕ್ಟಾ ಕಪ್ಪನ್ನು ಕೆಳಗಿಟ್ಟು, ಒಳಗೆ ಇಳಿಸುವ ಯಂತ್ರ ಬೇಡ ಎಂದಳು. ಅವಳು ಮೆತ್ತಗೆ ಹೇಳಿದ್ದಕ್ಕೋ ಏನೋ, ಯೂಜೀನ್ ಅದನ್ನು ತಮಾಷೆ ಎಂದುಕೊಂಡ.

"ನಿನ್ನ ಒಳ್ಳೇದಕ್ಕೇ ಕಣೇ. ಆ ಕಂಡಿ ತೆಗೆದ್ರೆ ನಿನ್ನ ಅಡುಗೆಮನೆ ತುಂಬ ನಮ್ಮ ದನಗಳದ್ದೇ ಘಮಘಮ."

"ಬರಲಿ ಬಿಡು. ಒಳಗೆ ನಿಂತು ಕಲಕಬೇಡ. ಅದರ ಗಾಳಿ ಕೆಟ್ಟದ್ದು."

ಯೂಜೀನ್ ಇಪ್ಪತ್ತೈದು ವರ್ಷದಿಂದ ಕಲಕುತ್ತಿದ್ದೇನೆ, ಏನೂ ಆಗಿಲ್ಲ ಎಂದ. ವಾಸನೆ ಜೋರಾದರೆ ಹೊರಗೆ ಓಡಿ ಬಂದರಾಯಿತು, ಮೂಗಿದೆಯಲ್ಲ ಎಂದ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಗಂಡನ ನಾಲಿಗೆಗೆ ಎಲ್ಲಿ ನಿಲ್ಲಬೇಕೆಂದು ಯಾವತ್ತೂ ಗೊತ್ತಾಗಿಲ್ಲ.

"ತಪ್ಪು ತಿಳ್ಕೋಬೇಡ ಅಟ್ರಾಕ್ಟಾ. ಕಾರ್ಮಕ್ ಸ್ವಲ್ಪ ಅಜಾಗರೂಕ. ನಾನು ಹಾಗಲ್ಲ."

ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಕಾರ್ಮಕ್ ಸತ್ತದ್ದು ಇಂಥದೇ ಗುಂಡಿಯ ಬಳಿ, ನಾಲ್ಕು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ. ಕಲಕುವಾಗ ಎದ್ದ ವಿಷಗಾಳಿ ಕುಡಿದು ತನ್ನ ಕೊಟ್ಟಿಗೆಯಲ್ಲೇ ಬಿದ್ದಿದ್ದ. ಇದು ಊರಿಗೆಲ್ಲ ಗೊತ್ತು. ಅವನ ಗೋರಿ ತೋಡಿದವರಲ್ಲಿ ಯೂಜೀನ್ ಕೂಡ ಒಬ್ಬ. ಪಾಪ, ಬಾಗಿಲು ಮುಚ್ಚಿಕೊಂಡು ಕಲಕಿದನಲ್ಲ, ಎಂಥ ದಡ್ಡತನ ಎಂದು ಊರು ಮಾತಾಡಿಕೊಂಡಿತ್ತು. ಆ ಮಾತು ಅಟ್ರಾಕ್ಟಾಳ ಕಿವಿಗೂ ಬಿದ್ದಿರಬೇಕು. ಯಾವತ್ತೂ ಅವಳು ಉತ್ತರ ಕೊಟ್ಟಿರಲಿಲ್ಲ.

ಅವತ್ತು ಕೊಟ್ಟಳು. ಯೂಜೀನ್‌ನನ್ನು ನೋಡಲಿಲ್ಲ, ನನ್ನನ್ನು ನೋಡಿ ಹೇಳಿದಳು.

"ಡಿಂಫ್ನಾ, ಇದನ್ನ ನಿನಗೆ ಹೇಳಬಾರದು ಅಂತ ಅಮ್ಮ ನನ್ನ ಹತ್ರ ಮಾತು ತಗೊಂಡಿದ್ರು. ಈಗ ಅವರಿಲ್ಲ. ಅವನು ಅಜಾಗರೂಕ ಅಲ್ಲ ಕಣೇ. ಮಾರನೇ ದಿನ ನಿಮ್ಮನೇಲಿ ಪೂಜೆ ಇತ್ತು, ನೆನಪಿದೆಯಾ? ಆ ವಾರವೆಲ್ಲ ಗಾಳಿ ನಿಮ್ಮ ಕಡೆಗೇ ಬೀಸ್ತಿತ್ತು. ಅವನು ಕಾದ. ಅವತ್ತು ಸಂಜೆ ಗಾಳಿ ನಿಂತಿತು. 'ಡಿಂಫ್ನಾ ಗೋಡೆಗೆಲ್ಲ ಬಣ್ಣ ಹೊಡೆಸಿದಾಳೆ, ಪಾದ್ರಿಗಳು ಬರ್ತಾರೆ, ನಾತ ಹೋಗಬಾರದು' ಅಂದ. ನಾಲ್ಕೂ ಬಾಗಿಲು ಮುಚ್ಚಿಕೊಂಡ."

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಂಗಳ ಗುಡಿಸಿ ಸೊಂಟ ನೆಟ್ಟಗೆ ಮಾಡಿ, ದೇವರ ದಯೆ, ಗಾಳಿ ಎಷ್ಟು ಶುದ್ಧವಾಗಿದೆ ಎಂದು ಗಟ್ಟಿಯಾಗಿಯೇ ಹೇಳಿದ್ದೆ. ಆ ಹೊತ್ತಿಗೆ ಅವನು ಬಿದ್ದಿದ್ದನೋ ಏನೋ. ಮರುದಿನ ನಮ್ಮ ಮನೆಯಲ್ಲಿ ಪೂಜೆ ನಡೆಯಲಿಲ್ಲ. ಅತಿಥಿಗಳಿಗೆಂದು ಮಾಡಿಟ್ಟಿದ್ದ ಹ್ಯಾಮ್, ಕೇಕು, ಬ್ರೆಡ್ಡು ಎಲ್ಲವನ್ನೂ ನಾನೇ ಹೊತ್ತುಕೊಂಡು ಹೋಗಿ ಅವನ ಹೆಣ ಕಾಯಲು ಬಂದವರಿಗೆ ಬಡಿಸಿದ್ದೆ. ಅವನ ತಾಯಿ ನನ್ನ ಕೈ ಹಿಡಿದು, ಎಷ್ಟು ಕಷ್ಟಪಟ್ಟೆ ಮಗಳೇ ಎಂದಿದ್ದರು. ಎಲ್ಲ ಗೊತ್ತಿದ್ದೂ ಹಾಗೆಂದಿದ್ದರು. ಅದು ನೆನಪಾಗಿ ನಾನು ಅತ್ತುಬಿಟ್ಟೆ.

ಅಟ್ರಾಕ್ಟಾ ಅಳಲಿಲ್ಲ. ಉಳಿದದ್ದನ್ನೂ ಹೇಳಿ ಮುಗಿಸಿದಳು. ಊಟಕ್ಕೆ ಕರೆಯಲು ಹೋಗಿ ಬಾಗಿಲು ತೆಗೆದಾಗ ಒಳಗೆ ವಾಸನೆಯೇ ಇರಲಿಲ್ಲವಂತೆ. ಈ ವಿಷಗಾಳಿ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದರೆ ಮೊದಲು ಮೂಗನ್ನೇ ಸಾಯಿಸುತ್ತದೆ. ಆಮೇಲೆ ಒಂದೆರಡು ಉಸಿರು ಸಾಕು, ಆಳು ನೆಲಕ್ಕೆ. ಹಾಗಾಗಿ ವಾಸನೆ ಇಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ. ತಮ್ಮ ಬಿದ್ದಿರುವುದು ಅವಳಿಗೆ ಕಾಣುತ್ತಿತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರ.

"ಒಳಗೆ ಓಡಬೇಕು ಅನ್ನಿಸ್ತು. ಓಡಿದ್ರೆ ಅಮ್ಮ ಎರಡು ಹೆಣ ನೋಡಬೇಕಿತ್ತು. ಹೊರಗೆ ನಿಂತು ಫೋನ್ ಮಾಡಿದೆ. ಬೆಂಕಿ ಆರಿಸೋರು ಬೆನ್ನಿಗೆ ಗಾಳಿ ಸಿಲಿಂಡರು ಕಟ್ಕೊಂಡು ಹೋಗಿ ಎತ್ಕೊಂಡು ಬಂದ್ರು. ಅವರು ಬರೋ ತನಕ ಬಾಗಿಲಲ್ಲೇ ನಿಂತಿದ್ದೆ, ಯೂಜೀನ್. ನಿನ್ನ ಹೆಂಡತೀನ ಹಾಗೆ ನಿಲ್ಲಿಸಬೇಡ."

ಯೂಜೀನ್ ಎದ್ದು ಹೊರಗೆ ಹೋದ. ಕೋಪ ಬಂದಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಹಿಂದಿನಿಂದ ಧಡ್ ಧಡ್ ಎಂದು ಸದ್ದು ಕೇಳಿತು. ಕಿಟಕಿಯಿಂದ ನೋಡಿದರೆ, ಚಪ್ಪಡಿಯ ಮೇಲಿನ ಟಯರುಗಳನ್ನು ಒಂದೊಂದಾಗಿ ಎತ್ತಿ ಎಸೆಯುತ್ತಿದ್ದ.

ಮರುದಿನ ಮೂವರೂ ಯಂತ್ರದ ಅಂಗಡಿಗೆ ಹೋದೆವು. ಅಂಗಡಿಯವನು ಒಳ್ಳೆಯವನೇ. ಇವರು ಕೊಟ್ಟಿಗೆಯೊಳಗೆ ಇಳಿಸುವಂಥದ್ದು ಕೇಳಿದರು, ಅದನ್ನೇ ತೋರಿಸಿದೆ ಎಂದ. ಯೂಜೀನ್ ಅಂಗಳದಲ್ಲಿದ್ದ ದೊಡ್ಡ ಯಂತ್ರವೊಂದರ ಮುಂದೆ ಬಾಯಿಬಿಟ್ಟುಕೊಂಡು ನಿಂತ. ಗಂಡಸರಿಗೆ ದೊಡ್ಡದು ಕಂಡರೆ ಬುದ್ಧಿ ಸಣ್ಣದಾಗುತ್ತದೆ. ಅಟ್ರಾಕ್ಟಾ ಅವನ ತೋಳು ಹಿಡಿದು ಈಚೆಗೆ ಕರೆದಳು.

"ಎಷ್ಟು ಜೋರು ಅಂತ ಆಮೇಲೆ ಕೇಳು. ಯಂತ್ರ ಎಲ್ಲಿ ನಿಲ್ಲುತ್ತೆ, ಅದನ್ನ ನಡೆಸೋ ಮನುಷ್ಯ ಎಲ್ಲಿ ನಿಲ್ತಾನೆ, ಅದನ್ನ ಮೊದಲು ಕೇಳು."

ಆ ಮಾತೇ ನಮಗೆ ದಾರಿಯಾಯಿತು. ಹೊರಗಿನ ಕಂಡಿಯಿಂದ ಇಳಿಸಿ, ಟ್ರಾಕ್ಟರಿನ ಬಲದಿಂದ ನಡೆಸಿ, ನಾವು ದೂರ ಹೋಗಬಹುದಾದ ಯಂತ್ರವೇ ಬೇಕೆಂದೆವು. ನಮ್ಮ ಟ್ರಾಕ್ಟರ್ ಎಷ್ಟು ಎಳೆಯಬಲ್ಲದು, ಗುಂಡಿ ಎಷ್ಟು ಉದ್ದ ಎಂದು ಅಂಗಡಿಯವನು ಕೇಳಿದ. ಟ್ರಾಕ್ಟರಿಗೆ ಹೆಚ್ಚಾದ ಯಂತ್ರ ಕೊಂಡರೆ ಎರಡೂ ಹಾಳು, ಗುಂಡಿಗೆ ಕಡಿಮೆಯಾದದ್ದು ಕೊಂಡರೆ ಆಚೆ ತುದಿಯ ಹೆಪ್ಪು ಒಡೆಯುವುದೇ ಇಲ್ಲ, ಆಗ ಕೋಲು ಹಿಡಿದು ಬಗ್ಗಿ ನೋಡುವ ಚಾಳಿ ಶುರುವಾಗುತ್ತದೆ ಎಂದ. ತನ್ನ ಬಾಯಿಯನ್ನು ಬೇಕಾದತ್ತ ತಿರುಗಿಸಿ ಸ್ಲರಿಯನ್ನು ದೂರಕ್ಕೆ ತಳ್ಳುವಂಥ ಒಂದು ಯಂತ್ರ ನಮಗೆ ಸರಿಹೋಯಿತು. ಟ್ರಾಕ್ಟರಿಗೆ ಸೇರುವ ತಿರುಗುವ ದಂಡದ ಮೇಲೆ ಪೂರ್ತಿ ಕವಚವಿದೆಯೇ ಎಂದು ಅಟ್ರಾಕ್ಟಾ ತಾನೇ ಬಗ್ಗಿ ಮುಟ್ಟಿ ನೋಡಿದಳು. ಅಂಗಿಯ ತುದಿ ಸಿಕ್ಕಿದರೂ ಆ ದಂಡ ಮನುಷ್ಯನನ್ನು ಬಿಡುವುದಿಲ್ಲ. ಕಂಡಿಯ ಬಾಯಿಗೆ ಕಬ್ಬಿಣದ ಜಾಲರಿಯನ್ನೂ ಕೊಂಡೆವು, ಯಂತ್ರ ಇಳಿದಮೇಲೂ ಯಾರೂ ಜಾರಿ ಬೀಳದಂತೆ. ಗುಂಡಿಯ ತಳದಿಂದ ಆಗಾಗ ಗಾಳಿಗುಳ್ಳೆ ಬಿಟ್ಟು ಹೆಪ್ಪೇ ಕಟ್ಟದಂತೆ ಮಾಡುವ ಕೊಳವೆಗಳೂ ಇವೆಯಂತೆ. ಅದಕ್ಕೆ ಗುಂಡಿ ಖಾಲಿ ಮಾಡಬೇಕು. ಹೊಸ ಕೊಟ್ಟಿಗೆ ಕಟ್ಟುವವರು ಮೊದಲೇ ಅದನ್ನು ವಿಚಾರಿಸುವುದು ಒಳ್ಳೆಯದು.

ಆಮೇಲೆ ಗಾಳಿಗೆ ಕಾದೆವು. ಹುಟ್ಟಿದಾಗಿನಿಂದ ಗಾಳಿ ನಿಲ್ಲಲಿ ಎಂದು ಕಾದವರು, ಈಗ ಬೀಸಲಿ ಎಂದು ಕಾದೆವು. ಒಂದು ಬೆಳಿಗ್ಗೆ ಬೇಲಿಯ ಗಿಡಗಳೆಲ್ಲ ಬಾಗುವಂತೆ ಬೀಸಿತು. ಅಟ್ರಾಕ್ಟಾಳಿಗೆ ಹೇಳಿ ಕಳಿಸಿದೆವು. ದನಗಳನ್ನೆಲ್ಲ ಹೊರಗೆ ಹೊಡೆದು, ಕೊಟ್ಟಿಗೆಯ ಬಾಗಿಲುಗಳನ್ನೆಲ್ಲ ತೆರೆದಿಟ್ಟೆವು. ನಾಯಿಯನ್ನು ಮನೆಯ ಬಳಿ ಕಟ್ಟಿದೆವು. ಯೂಜೀನ್ ಯಂತ್ರ ಚಾಲೂ ಮಾಡಿ, ಗಾಳಿ ಬರುವ ದಿಕ್ಕಿಗೆ ನಡೆದು ನನ್ನ ಬಳಿ ಬಂದು ನಿಂತ. ಮೊದಲ ಅರ್ಧ ಗಂಟೆ ಅತ್ತ ಯಾರೂ ಸುಳಿಯಬಾರದು, ಹೆಪ್ಪು ಒಡೆಯುವಾಗಲೇ ವಿಷ ಹೆಚ್ಚು. ಫ್ಲಾಸ್ಕಿನಲ್ಲಿ ಚಹಾ ಒಯ್ದಿದ್ದೆ. ಹೊಲದ ಅಂಚಿನಲ್ಲಿ ನಿಂತು ಕುಡಿದೆವು.

ಆಗ ಅವನಿಗೆ ಅಟ್ರಾಕ್ಟಾಳ ಅಂಗಳ ಕಂಡಿತು. ಹಗ್ಗದ ತುಂಬ ಬಿಳಿಯ ಹಾಸುಬಟ್ಟೆಗಳು. ಅವನ ಮುಖ ಇಳಿದುಹೋಯಿತು. ಹೇಳಿ ಕಳಿಸಿದ್ದೆವಲ್ಲ, ಮರೆತಳೇ ಎಂದು ಗೊಣಗುತ್ತ, ಕ್ಷಮೆ ಕೇಳಲು ಹೊಲ ಬಳಸಿಕೊಂಡು ಹೊರಟೇಬಿಟ್ಟ. ನಾನೂ ಹಿಂದೆ ಹೋದೆ. ಅವಳ ಬೇಲಿ ತಲುಪುವ ಹೊತ್ತಿಗೆ ನಾತ ಮೂಗಿಗೆ ಹೊಡೆಯಿತು. ಅವಳು ಬಾಗಿಲಲ್ಲಿ ನಿಂತು ನಮ್ಮ ಕೊಟ್ಟಿಗೆಯನ್ನೇ ನೋಡುತ್ತಿದ್ದಳು. ಅಡುಗೆಮನೆಯ ಕಿಟಕಿ ಪೂರ್ತಿ ತೆರೆದಿತ್ತು.

"ಬಟ್ಟೆ ತೆಗಿ ಅಟ್ರಾಕ್ಟಾ, ಎಲ್ಲ ನಾರುತ್ತೆ" ಎಂದ ಯೂಜೀನ್.

"ಬೇಕು ಅಂತಲೇ ಹಾಕಿದೀನಿ" ಎಂದಳು. "ನಿನಗೆ ಕಾಣಲಿ ಅಂತ. ನನ್ನ ಬಟ್ಟೆ ನೋಡಿ ನೀನು ಯಾವತ್ತೂ ಬಾಗಿಲು ಮುಚ್ಚಬಾರದು. ಈ ನಾತ ಇಲ್ಲಿಗೆ ಬಂದರೆ, ನೀನು ಹೊರಗಿದ್ದೀಯ ಅಂತ ನನಗೆ ಗೊತ್ತಾಗುತ್ತೆ."

ಯೂಜೀನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಾರ್ಮಕ್ ಬಗ್ಗೆ ಆಡಿದ ಮಾತು ತಪ್ಪಾಯಿತು ಎಂದ. ಅವಳು ತಲೆಯಾಡಿಸಿದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಗುಂಡಿ ದೊಡ್ಡದಿರಲಿ ಚಿಕ್ಕದಿರಲಿ, ಒಳಗಿನ ವಿಷ ಒಂದೇ. ಯಂತ್ರ ಕೊಳ್ಳುವಾಗ ಹೊರಗೆ ನಿಂತು ನಡೆಸುವಂಥದ್ದನ್ನೇ ಕೇಳಿ. ಗಾಳಿಯಿರುವ ದಿನ, ಬಾಗಿಲು ತೆರೆದು, ದನಗಳನ್ನು ಹೊರಗೆ ಕಟ್ಟಿ, ಇನ್ನೊಬ್ಬರಿಗೆ ಹೇಳಿ ಕಲಕಿ, ದೂರ ಹೋಗಿ. ಯಾರಾದರೂ ಬಿದ್ದರೆ ಹಿಂದೆ ನುಗ್ಗಬೇಡಿ, ಹೊರಗಿನಿಂದಲೇ ಸಹಾಯಕ್ಕೆ ಕರೆಯಿರಿ. ನೆರೆಯವರು ನೀವಾಗಿದ್ದರೆ, ನಾತ ಬಂದ ದಿನ ಮುಖ ಸಿಂಡರಿಸಬೇಡಿ. ಬಟ್ಟೆಯನ್ನು ಇನ್ನೊಂದು ಸಲ ಒಗೆಯಬಹುದು. ಈ ವರ್ಷ ಪೂಜೆಯ ಸರದಿ ಮತ್ತೆ ನಮ್ಮ ಮನೆಗೆ ಬಂದಿದೆ. ಅವತ್ತು ಗಾಳಿಯಿದ್ದು ಯಾರಿಗಾದರೂ ಕಲಕುವುದಿದ್ದರೆ ಧಾರಾಳವಾಗಿ ಕಲಕಿ, ಮುಗಿಸಿಕೊಂಡು ನೀವೂ ಊಟಕ್ಕೆ ಬನ್ನಿ.